ಎದಿ ಒಂದ ಕಡೆ, ಬಾಯಿ ಒಂದ ಕಡೆ

ಚಪ್ಪಲಿ ಕಟ್ಟೆಯ ಕೆಳಗೇ ಬಿಡಿ. ತಲೆ ಬಗ್ಗಿಸಿ ಬನ್ನಿ, ಹಳೇ ಬಾಗಿಲು, ಗಿಡ್ಡ. ಹೊರಗೆ ಚಿಕ್ಕನರಗುಂದದ ಎರೆಹೊಲಗಳು ಮಾರ್ಚ್ ಬಿಸಿಲಿಗೆ ಬಾಯಿ ಬಿಟ್ಟಿವೆ, ಒಳಗೆ ಮಣ್ಣಿನ ಮಾಳಿಗೆಯ ತಂಪು. ಎಡಗೋಡೆಗೆ ಈ ಸಲದ ಕಡಲೆ ಚೀಲಗಳನ್ನು ಒಟ್ಟಿದ್ದಾರೆ. ಬಲಕ್ಕೆ ಹೊರಸಿನ ಮೇಲೆ ಅಜ್ಜ ಒರಗಿದ್ದಾನೆ. ನಡುವೆ ಹಾಸಿದ ಕೌದಿಯ ಮೇಲೆ ಎರಡು ಸ್ಪೀಕರ್ ಅಂಗಾತ ಬಿದ್ದಿವೆ.

ಒಂದು ಕಾಕಾನ ಟ್ರ್ಯಾಕ್ಟರಿನಿಂದ ಬಿಚ್ಚಿದ್ದು, ಆರು ಇಂಚು ಅಗಲ, ಒಂಬತ್ತು ಇಂಚು ಉದ್ದದ ಮೊಟ್ಟೆಯಾಕಾರದ್ದು. ಇನ್ನೊಂದು ನಾನು ಹುಬ್ಬಳ್ಳಿಯಿಂದ ತಂದ ಆರೂವರೆ ಇಂಚಿನ ದುಂಡನೆಯದು. ಎರಡೂ ಕೋಯಾಕ್ಸಿಯಲ್, ಅಂದರೆ ದೊಡ್ಡ ಕೋನಿನ ವೂಫರಿನ ನಟ್ಟನಡುವೆಯೇ ಮೇಲಿನ ಸ್ವರದ ಟ್ವೀಟರ್ ಕೂತಿರುವಂಥವು. ಸಂಜೆಯೊಳಗೆ ಒಂದನ್ನು ಆರಿಸಿ ಬಾಕ್ಸ್ ಕಟ್ಟಬೇಕು. ಬಡಿಗೇರ ಮಾವ ಆಗಲೇ 18 ಮಿಲಿಮೀಟರ್ ಪ್ಲೈವುಡ್ ಹಾಳೆಯನ್ನು ಗೋಡೆಗೆ ಆನಿಸಿ, ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದಾನೆ.

ಕಟ್ಟುವುದು ಅಜ್ಜನಿಗೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದಾಗ ಅವನಿನ್ನೂ ದನ ಕಾಯುವ ಹುಡುಗ. ಆಮೇಲೆ ಮನೆಗೆ ರೇಡಿಯೋ ಬಂತು. ಅಂದಿನಿಂದ ಅದು ಅವನ ತಲೆದಿಂಬಿನ ಪಕ್ಕವೇ. ಗುಡಿಯ ಭಜನೆಯಲ್ಲಿ ನಲವತ್ತು ವರ್ಷ ಡಗ್ಗಾ ಬಾರಿಸಿದ ಕೈ ಅವನದು. ಈಗ ಮೊಬೈಲಿನಲ್ಲಿ ಭೀಮಸೇನ ಜೋಶಿಯವರ ದಾಸರ ಪದ ಹಚ್ಚಿಕೊಟ್ಟರೆ ಎರಡು ನಿಮಿಷಕ್ಕೆ, "ಬ್ಯಾಡ, ಬಂದ್ ಮಾಡು. ಇದು ಸೊಳ್ಳಿ ಗುಂಯ್ ಅಂದಂಗ ಕೇಳತೈತಿ" ಅನ್ನುತ್ತಾನೆ. ಜೋಶಿಯವರು 1922ರಲ್ಲಿ ಹುಟ್ಟಿದ್ದು ಇದೇ ಗದಗ ಸೀಮೆಯಲ್ಲಿ. ಆ ದನಿ ಇಲ್ಲಿಯವರ ಕಿವಿಗೆ ಸೊಳ್ಳೆಯಾಗಿ ಕೇಳಬಾರದು.

"ಆರನೂರು ವ್ಯಾಟ್ ಐತಿ, ಫೋರ್ ವೇ. ಇನ್ನೇನು ಬೇಕೋ ನಿನಗ? ಅದನ್ನ ಹಾಕು," ಅನ್ನುತ್ತಾನೆ ಕಾಕಾ.

ಅದರ ಡಬ್ಬಿಯನ್ನು ತಿರುಗಿಸಿ ನೋಡಿ. ಮುಂದೆ 600 ಎಂದು ಬೆರಳುದ್ದದ ಅಕ್ಷರ, ಹಿಂದೆ ಸಣ್ಣಕ್ಷರದಲ್ಲಿ ಆರ್‌ಎಂಎಸ್ 90. ಮೊದಲನೆಯದು ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆಯುವ ಭಾರ, ಎರಡನೆಯದು ದಿನವಿಡೀ ಹೊರುವ ಭಾರ. ಈ ಪಡಸಾಲೆಗೆ 10 ವ್ಯಾಟ್ ಸಾಕು, ಹಾಗಾಗಿ ಎರಡೂ ಅಂಕಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬರುವುದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ವ್ಯಾಟಿಗೆ ಎಷ್ಟು ದನಿ ಬರುತ್ತದೆ ಎಂಬುದು. ಅದು ಮೂರು ಡೆಸಿಬೆಲ್ ಕಡಿಮೆ ಇದ್ದರೆ ಅಷ್ಟೇ ದನಿಗೆ ಸ್ಪೀಕರ್ ಇಮ್ಮಡಿ ವ್ಯಾಟ್ ತಿನ್ನುತ್ತದೆ.

ಈಗ ಎರಡೂ ಕೈಯ ಹೆಬ್ಬೆರಳನ್ನು ದುಂಡನೆಯದರ ಕಾಗದದ ಕೋನಿನ ಮೇಲೆ ಎದುರು ಬದುರು ಇಟ್ಟು, ಸಮವಾಗಿ, ಮೆಲ್ಲಗೆ ಒತ್ತಿ. ಕಿವಿ ಹತ್ತಿರ ತನ್ನಿ. ಕರಕರ ಅಂದರೆ ಒಳಗಿನ ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜುತ್ತಿದೆ ಎಂದರ್ಥ, ಅದನ್ನು ಅಲ್ಲೇ ಬಿಟ್ಟುಬಿಡಬೇಕು. ಇದು ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬಂತು. ಗೋಡೆ ಗಡಿಯಾರದ ಸೆಲ್ ತೆಗೆದು ಎರಡು ತಂತಿಯಿಂದ ಹಿಂದಿನ ಕಡ್ಡಿಗಳಿಗೆ ಮುಟ್ಟಿಸಿದೆ. 'ಟಪ್' ಎಂದು ಕೋನ್ ಮುಂದಕ್ಕೆ ಪುಟಿಯಿತು. ಸೆಲ್ಲಿನ ಪ್ಲಸ್ ಮುಟ್ಟಿದ ಕಡ್ಡಿಯೇ ಪ್ಲಸ್. ಸೀಸದಕಡ್ಡಿಯಿಂದ ಗುರುತು ಹಾಕಿದೆ. ಮಲ್ಟಿಮೀಟರ್ 3.4 ತೋರಿಸುತ್ತಿದೆ, 4 ಓಮ್ ಸ್ಪೀಕರಿಗೆ ಅದು ಸರಿಯಾದ ಲೆಕ್ಕ.

ಟ್ವೀಟರನ್ನು ಬೇರೆಯಾಗಿ ಮೇಲೆ, ವೂಫರನ್ನು ಕೆಳಗೆ ಕೂರಿಸಬಹುದಲ್ಲ ಎಂದು ನಿಮಗೆ ಅನಿಸಿರಬೇಕು. ಅಂಗಡಿಯ ಬಾಕ್ಸುಗಳು ಬಹಳಷ್ಟು ಹಾಗೇ ಇರುತ್ತವೆ. ಆದರೆ ಈ ಮನೆಯಲ್ಲಿ ಕೇಳುವವರು ಎಲ್ಲೆಲ್ಲಿದ್ದಾರೆ ನೋಡಿ: ಅಜ್ಜ ಹೊರಸಿನ ಮೇಲೆ, ಅಜ್ಜಿ ನೆಲಕ್ಕೆ ಕೂತು ಅಕ್ಕಿ ಹಸನು ಮಾಡುತ್ತಾ, ಕಾಕಾ ಕಂಬಕ್ಕೆ ಆತು ನಿಂತು. 3000 ಹರ್ಟ್ಸಿನ ಸದ್ದಿನ ಅಲೆ ಗಾಳಿಯಲ್ಲಿ ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ಉದ್ದ. ಟ್ವೀಟರ್ ಮತ್ತು ವೂಫರ್ ನಡುವೆ 18 ಸೆಂಟಿಮೀಟರ್ ಅಂತರವಿದ್ದರೆ, ಎರಡು ಮೀಟರ್ ದೂರ ಕೂತವನು ಎದ್ದು ನಿಂತಷ್ಟಕ್ಕೇ ಒಂದರ ಅಲೆ ಇನ್ನೊಂದಕ್ಕಿಂತ ಅರ್ಧ ಅಲೆಯಷ್ಟು ಹಿಂದೆ ಬೀಳುತ್ತದೆ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಎರಡೂ ಹಾಡುವ ಆ ಸ್ವರದ ಜಾಗ ಟೊಳ್ಳಾಗುತ್ತದೆ. ಒಂದೇ ನಡುಬಿಂದುವಿನಿಂದ ಹೊರಟರೆ ಕೂತವರಿಗೂ ನಿಂತವರಿಗೂ ಮಲಗಿದವರಿಗೂ ಹಾಡು ಹೆಚ್ಚುಕಡಿಮೆ ಒಂದೇ. ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿಯವರು 1940ರ ದಶಕದಲ್ಲೇ ಸ್ಟುಡಿಯೋಗಳಿಗೆ ಇಂಥದ್ದನ್ನು ಮಾಡಿದರು. ಇಂಗ್ಲೆಂಡಿನ ಟ್ಯಾನಾಯ್ 1947ರಿಂದ, ಕೆಇಎಫ್ 1988ರಿಂದ ಅದೇ ದಾರಿ ಹಿಡಿದವು. ಅವುಗಳ ಬೆಲೆ ನಮ್ಮ ಕಡಲೆ ಚೀಲಗಳಿಗೆ ನಿಲುಕದ್ದು. ನಮ್ಮ ಈ ಕಾರಿನ ಕೋಯಾಕ್ಸಿಯಲ್ ಆ ಮನೆತನದ ಬಡ ತಮ್ಮ, ಆದರೂ ತಮ್ಮನೇ.

ಕರೆಂಟ್ ಹೋಯಿತು. ಕಾಕಾ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಬಿಚ್ಚಿ ಹೊತ್ತು ತಂದ. ಅಂಗೈಯಗಲದ ಆಂಪ್ಲಿಫೈಯರಿಗೆ 12 ವೋಲ್ಟ್ ಸಾಕು. ಅಟ್ಟದಲ್ಲಿದ್ದ ಹಳೇ ಕದಕ್ಕೆ ಮಾವ ನಿನ್ನೆಯೇ ಎರಡು ತೂತು ಕೊರೆದಿಟ್ಟಿದ್ದ. ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ಕೇಳಿದರೆ ಮುಂದಿನ ಸದ್ದು ಹಿಂದಿನ ಸದ್ದಿಗೆ ಸುತ್ತಿ ಬಂದು ಡಗ್ಗಾ ಸತ್ತೇ ಹೋಗುತ್ತದೆ, ಅದಕ್ಕೇ ಈ ಕದ. ಎಡದ ತಂತಿ ಮೊಟ್ಟೆಗೆ, ಬಲದ್ದು ದುಂಡನೆಯದಕ್ಕೆ. ಮೊಬೈಲ್ ಮೋನೋಗೆ. ಬ್ಯಾಲೆನ್ಸ್ ತಿರುಗಿಸಿ ಎರಡರ ಗಟ್ಟಿತನವನ್ನು ಮೊದಲು ಸರಿಸಮ ಮಾಡಿಕೊಂಡು ಗುಂಡಿಗೆ ಎರಡು ಗುರುತು ಹಾಕಿದೆ. ಈ ಒಂದು ಕೆಲಸ ಬಿಟ್ಟರೆ ಪರೀಕ್ಷೆಯೇ ಸುಳ್ಳು, ಯಾಕೆಂದರೆ ತುಸು ಗಟ್ಟಿಯಾಗಿ ಕೇಳಿದ್ದೇ ಚಲೋ ಎಂದು ಕಿವಿ ಪ್ರತಿ ಸಲ ಮೋಸ ಹೋಗುತ್ತದೆ. ಅಜ್ಜನಿಗೆ ಕಾಣದಂತೆ ಕದದ ಮುಂದೆ ಅಜ್ಜಿಯ ಹಳೇ ಸೀರೆ ಇಳಿಬಿಟ್ಟೆ.

"ಯಜ್ಜಾ, ಈಗ ಕೇಳು."

ಮೊದಲು ಮೊಟ್ಟೆ. ಡಗ್ಗಾ ಧಿಮ್ಮೆಂದಿತು, ಕಾಕಾನ ಮುಖ ಅರಳಿತು. ಜೋಶಿಯವರು ಕೆಳಗಿನ ಸ್ವರದಿಂದ ಮೇಲಕ್ಕೆ ಏರುತ್ತಿದ್ದಾರೆ. ಏರುತ್ತಾ ಏರುತ್ತಾ ದನಿ ದಪ್ಪದಿಂದ ತೆಳ್ಳಗಾಗಿ, 'ಸ' ಬಂದಲ್ಲೆಲ್ಲ ತಗಡಿನ ಚೂರು ಎದುರಿಗೆ ಹಾರುತ್ತದೆ. ಅಜ್ಜ ಕಣ್ಣು ಮುಚ್ಚಿಕೊಂಡೇ ಇದ್ದ. ಬಳಿಕ ದುಂಡನೆಯದು. ಡಗ್ಗಾ ಸಣ್ಣದಾಯಿತು. ಆದರೆ ಹಾಡುವ ಮೊದಲು ಎಳೆದುಕೊಂಡ ಉಸಿರು ಕೇಳಿತು, ನೀವೂ ಕೇಳಿದಿರಿ. ಅಜ್ಜಿಯ ಕೈ ಮೊರದಲ್ಲೇ ನಿಂತಿತು.

"ಮೊದಲಿಂದು ಎದಿ ಒಂದ ಕಡೆ ಐತಿ, ಬಾಯಿ ಒಂದ ಕಡೆ ಐತಿ," ಎಂದ ಅಜ್ಜ. "ಇದರಾಗ ಮನಿಷ್ಯಾ ಕುಂತಾನ."

ನನಗೆ ಆ ಮಾತು ಸಾಕಿತ್ತು. ಕಾರಣವೂ ಸ್ಪೀಕರಿನಲ್ಲೇ ಇದೆ. ಮೊಟ್ಟೆಯ ಮೇಲಿನ ಪ್ಲಾಸ್ಟಿಕ್ ಸೇತುವೆಯಲ್ಲಿ ಮೂರು ಚಿಕ್ಕ ಟ್ವೀಟರುಗಳು ಮೂರು ಕಡೆ ಮುಖ ಮಾಡಿವೆ, ಹೆಸರಿಗೆ ಕೋಯಾಕ್ಸಿಯಲ್. ದುಂಡನೆಯದಕ್ಕೆ ಒಂದೇ, ನಡುವಿನ ಕಂಬದ ಮೇಲೆ. ಅದಕ್ಕೆ ಕಟ್ಟಿದ ಕೆಪಾಸಿಟರ್ ಓದಿ: 4.7 ಮೈಕ್ರೋಫ್ಯಾರಡ್. 4 ಓಮಿಗೆ ಅದು ಸುಮಾರು 8500 ಹರ್ಟ್ಸಿನಿಂದ ಮೇಲಿನದನ್ನಷ್ಟೇ ಟ್ವೀಟರಿಗೆ ಪೂರಾ ಬಿಡುತ್ತದೆ. ಅಂದರೆ ಮನುಷ್ಯನ ಹಾಡು ಹೆಚ್ಚುಕಡಿಮೆ ಇಡಿಯಾಗಿ ಕಾಗದದ ಕೋನಿನಿಂದಲೇ ಬರುತ್ತದೆ, ಟ್ವೀಟರ್ ಕೊನೆಯ ಹೊಳಪನ್ನಷ್ಟೇ ಸೇರಿಸುತ್ತದೆ. ಆದ್ದರಿಂದ ದನಿಗಾಗಿ ಇಂಥದ್ದನ್ನು ಆರಿಸುವವರು ಮೊದಲು ನೋಡಬೇಕಾದ್ದು ಕೋನ್. ಟ್ವೀಟರಿನ ಥಳುಕು ಆಮೇಲೆ.

ಇನ್ನು ಬಾಕ್ಸ್. ಕಾಕಾ ಇನ್ನೂ ಡಗ್ಗಾದ ಮೇಲೇ ಮನಸ್ಸಿಟ್ಟಿದ್ದಾನೆ, ಅವನಿಗೆ ಲೆಕ್ಕ ತೋರಿಸಲೇಬೇಕು. ಪೆಟ್ಟಿಗೆ ಎಷ್ಟು ದೊಡ್ಡದಿರಬೇಕೆಂದು ಲೆಕ್ಕ ಹಾಕಲು ಸ್ಪೀಕರಿನ ಕಾಗದದಲ್ಲಿ ಕ್ಯೂಟಿಎಸ್, ವ್ಯಾಸ್ ಎಂಬ ಎರಡು ಅಂಕಿಗಳಿರುತ್ತವೆ. ಅವು ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್, ರಿಚರ್ಡ್ ಸ್ಮಾಲ್ ಮಾಡಿದ ಲೆಕ್ಕದಿಂದ ಬಂದವು. ಮೊಟ್ಟೆಗೆ 0.7 ಮತ್ತು 40 ಲೀಟರ್, ದುಂಡನೆಯದಕ್ಕೆ 0.55 ಮತ್ತು 15 ಲೀಟರ್. ಮೊಟ್ಟೆ ಹುಟ್ಟಿದ್ದೇ ಕಾರಿನ ಹಿಂದಿನ ಹಲಗೆಗೆ, ಕೆಳಗೆ ಇಡೀ ಡಿಕ್ಕಿ ಅದಕ್ಕೆ ಬಾಕ್ಸು. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಗುಂಯ್‌ಗುಡದೆ ನುಡಿಯಬೇಕಾದರೆ ಕಡಿಮೆ ಎಂದರೂ 60 ಲೀಟರ್ ಜಾಗ ಬೇಕು. ದುಂಡನೆಯದಕ್ಕೆ ಹದಿಮೂರೂವರೆ ಸಾಕು: ಒಳಗಿನ ಅಳತೆ 36, 22, 17 ಸೆಂಟಿಮೀಟರ್.

"ಅರವತ್ತ್ ಲೀಟರ್ ಪೆಟ್ಟಿಗಿ ಎಲ್ಲಿ ಇಡ್ತೀ ಕಾಕಾ? ಅಜ್ಜನ ಹೊರಸ ತೆಗದು ಇಡಬೇಕಾಕ್ಕೈತಿ."

"ಹಂಗಾರ ಬ್ಯಾಡ ಬಿಡು," ಎಂದ ಕಾಕಾ. ಮೊಟ್ಟೆ ಟ್ರ್ಯಾಕ್ಟರಿಗೆ ಮರಳಿತು. ಅದು ಅಲ್ಲಿಯದೇ; ಎಂಜಿನ್ ಸದ್ದಿನ ಮೇಲೆ ಕೂಗಲು ಅಂಥದ್ದೇ ಬೇಕು.

ಮಾವ ಮೊಳೆಗೆ ದಾರ ಕಟ್ಟಿ ದುಂಡು ಗೆರೆ ಎಳೆದ. ಗರಗಸ ಸಾಗಿದಂತೆ ಪ್ಲೈವುಡ್ಡಿನ ಸುಟ್ಟ ವಾಸನೆ ಪಡಸಾಲೆ ತುಂಬಿತು. ತೂತಿನ ಅಂಚನ್ನು ಉಳಿಯಿಂದ ಹಿಂದುಗಡೆ ಓರೆ ಕೆತ್ತಿಸಿದೆ, ಕೋನಿನ ಬೆನ್ನಿಗೆ ಉಸಿರಾಡಲು ಜಾಗವಿರಲಿ ಎಂದು. ಮೂಲೆಗಳಿಗೆ ಫೆವಿಕಾಲ್, ಅದರ ಮೇಲೆ ಎಂ-ಸೀಲ್. ಸೂಜಿ ಮೊನೆಯಷ್ಟು ಸಂದಿ ಉಳಿದರೂ ಪೆಟ್ಟಿಗೆ ಸಿಳ್ಳೆ ಹೊಡೆಯುತ್ತದೆ. ಒಳಗೆ ತುಂಬಲು ಅಜ್ಜಿ ನಮ್ಮ ಹೊಲದ್ದೇ ಹತ್ತಿ ಕೊಟ್ಟಳು. ಹಿಂಜಿ, ಹಗುರವಾಗಿ, ಹಕ್ಕಿ ಗೂಡಿನಂತೆ ಇಟ್ಟೆ. ಒತ್ತಿ ತುಂಬಿದರೆ ಒಳಗಿನ ಜಾಗವೇ ಹೋಗುತ್ತದೆ. ಕೊರೆದು ಬಿದ್ದ ದುಂಡು ಹಲಗೆ ಆಗಲೇ ಅಡುಗೆಮನೆಯಲ್ಲಿ ನೀರಿನ ಗಡಿಗೆಯ ಮುಚ್ಚಳವಾಗಿದೆ.

ಅಂಟು ಆರುವ ಹೊತ್ತಿಗೆ ದೀಪ ಹಚ್ಚಿದರು. ಪೆಟ್ಟಿಗೆಯನ್ನು ಕಡಲೆ ಚೀಲಗಳ ಪಕ್ಕದ ಸ್ಟೂಲಿನ ಮೇಲಿಟ್ಟು, ನೇರ ಅಜ್ಜನ ಮುಖಕ್ಕಲ್ಲ, ತುಸು ಓರೆಗೆ ತಿರುಗಿಸಿದೆ. ನಡುಗಂಬದ ಟ್ವೀಟರಿಗೆ ಎದುರಾ ಎದುರು ಕೂತರೆ ಮೇಲಿನ ಸ್ವರ ಕೊಂಚ ಒರಟು. ಮಣ್ಣಿನ ಗೋಡೆ, ಜಂತಿ, ಚೀಲಗಳು ಉಳಿದದ್ದನ್ನು ಹೀರಿಕೊಂಡವು. ಹಾಡು ಶುರುವಾಯಿತು. ಡಗ್ಗಾ ಈಗ ಕದದ ಮೇಲಿದ್ದಂತೆ ಬಡವಾಗಿಲ್ಲ, ಚರ್ಮದ ಮೇಲೆ ಅಂಗೈ ಜಾರಿದ್ದು ತಿಳಿಯುತ್ತದೆ. ಹೊರಸಿನ ಪಟ್ಟಿಯ ಮೇಲೆ ಅಜ್ಜನ ಬೆರಳುಗಳು ಅದಕ್ಕೆ ಸರಿಯಾಗಿ ಬೀಳುತ್ತಿವೆ.

ಪದ ಮುಗಿದ ಮೇಲೆ ಅಜ್ಜ ಮಾವನ ಕಡೆ ತಿರುಗಿದ.

"ಒಂದ ಎತ್ತು ಕಟಗೊಂಡು ಗಳೇ ಹೂಡಾಕ ಬರತೈತೇನೋ ಬಡಿಗೇರಾ? ಇನ್ನೊಂದು ಯಾವಾಗ?"

ಮಾವ ಎಲೆ ಅಡಿಕೆ ಉಗಿದು ಬಂದು, ಉಳಿದ ಹಲಗೆಯನ್ನು ಲಾಟೀನಿನ ಹತ್ತಿರ ಎಳೆದುಕೊಂಡು, ಮೊಳೆ ಎಲ್ಲಿಟ್ಟೆನೆಂದು ಹುಡುಕತೊಡಗಿದ.