ರಾಯ ತಿರುಗಿ ನೋಡಿದ ಊರು

ಕೃಷ್ಣದೇವರಾಯ 1524ರ ಹೊತ್ತಿಗೆ ಹೊಸಪೇಟೆ ಮಗ್ಗುಲಲ್ಲಿ ಅನಂತಶಯನನಿಗೆಂದು ಭಾರೀ ಗುಡಿಯೊಂದನ್ನು ಕಟ್ಟಿಸಿದ. ಗುಡಿಯೇನೋ ಎದ್ದು ನಿಂತಿತು, ಮಲಗಬೇಕಾದ ದೇವರು ಮಾತ್ರ ನಮ್ಮೂರು ಹೊಳಲಿನಲ್ಲೇ ಉಳಿದ. ಕರೆದೊಯ್ಯಲು ಬಂದ ರಾಯನಿಗೆ, ತಾನು ಹಿಂದೆ ಬರುತ್ತೇನೆ, ನೀನು ತಿರುಗಿ ನೋಡಕೂಡದು ಎಂದು ದೇವರು ಕರಾರು ಹಾಕಿದ್ದನಂತೆ. ರಾಯ ತಡೆಯಲಾರದೆ ತಿರುಗಿ ನೋಡಿದ. ಸಾಮ್ರಾಟನನ್ನು ಬರಿಗೈಲಿ ಕಳಿಸಿದ ಈ ಕತೆ ಹೇಳುವಾಗ ಊರಿನ ಹಿರಿಯರ ಮೀಸೆ ತಾನಾಗಿ ಮೇಲೇಳುತ್ತದೆ.

ನಾವು ಊರು ಬಿಟ್ಟವರು ತಿರುಗಿ ನೋಡುವುದು ಹೆಚ್ಚಾಗಿ ಭರತ ಹುಣ್ಣಿಮೆಗೆ, ಮೈಲಾರ ಜಾತ್ರೆಯ ಕಾರಣಿಕ ಕೇಳುವ ನೆಪದಲ್ಲಿ. ಬಸ್ಸಿಳಿದರೆ ಸಾಕು, ಕಟ್ಟೆ ಮೇಲಿಂದ ಪ್ರಶ್ನೆ: "ಯಾವಾಗ ಬಂದ್ಯೋ ತಮ್ಮಾ?" ಉತ್ತರ ಕೊಡುವ ಮೊದಲೇ ಎರಡನೆಯದು: "ಮತ್ತ ಯಾವಾಗ ಹೊಂಟಿ?"

ಹೊರಡುವ ಮುನ್ನ ಊರಿಗೆ ಏನಾದರೂ ಮಾಡಬೇಕೆನಿಸುತ್ತದೆ. ಆಗ ನೆನಪಾಗುವುದು ಶಾಲೆ, ಶಾಲೆಗೆಂದರೆ ಫ್ಯಾನು. ನಮ್ಮ ಕಡೆ ಶಾಲೆಗಳ ಫ್ಯಾನಿನ ಒಂದು ರೆಕ್ಕೆಗೆ ದಾನಿಯ ಹೆಸರು, ಇನ್ನೊಂದಕ್ಕೆ ತಂದೆಯದು, ಮೂರನೆಯದಕ್ಕೆ ಊರಿನದು. ಫ್ಯಾನು ತಿರುಗುವಷ್ಟು ಹೊತ್ತು ದಾನ ಗುಪ್ತದಾನ. ಕರೆಂಟು ಹೋದರೆ ಕೀರ್ತಿ. ಕೆಟ್ಟು ನಿಂತರಂತೂ ಶಾಶ್ವತ ಕೀರ್ತಿ. ಹೊಸ ಫ್ಯಾನು ಕೊಡಿಸಲು ಜನ ಸಾಲುಗಟ್ಟುತ್ತಾರೆ, ಹಳೆಯದರ ಕಾಯಿಲ್ ಕಟ್ಟಿಸಲು ಯಾರೂ ಬರುವುದಿಲ್ಲ. ರಿಬ್ಬನ್ ಕತ್ತರಿಸಿದ ನೀರಿನ ಘಟಕಗಳ ಪಾಡೂ ಇದೇ. ಫಿಲ್ಟರ್ ಬದಲಿಸುವ ದಿನ ದಾನಿ ಬೆಂಗಳೂರಿನಲ್ಲಿರುತ್ತಾನೆ.

ಹಿಂದಿನವರು ನಮಗಿಂತ ಲೆಕ್ಕದಲ್ಲಿ ಜಾಣರು. ಶಾಸನಗಳನ್ನು ನೋಡಿ: ಗುಡಿಯಲ್ಲಿ ನಂದಾದೀವಿಗೆ ಉರಿಯಲೆಂದು ಬಯಸಿದವನು ಬರೀ ದೀಪ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅದರ ಎಣ್ಣೆಗೆಂದು ಗದ್ದೆ ಬಿಟ್ಟ, ಇಲ್ಲವೇ ಗಾಣದಿಂದ ಇಷ್ಟೆಂದು ಕಟ್ಟುಮಾಡಿದ. ಅಳುಪಿದವನಿಗೆ ಶಾಪವನ್ನೂ ಕೆತ್ತಿಸಿದ! 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ಶಾಪದ ಗೊಡವೆಗೆ ಹೋಗಲಿಲ್ಲ, ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟರು. ಊರಿಗೆ ಮಾಡಲು ದುಡ್ಡೇ ಬೇಕೆಂದೂ ಇಲ್ಲ. ನಮ್ಮ ಹಡಗಲಿಯಲ್ಲಿ ವಕೀಲಿ ಮಾಡುತ್ತಿದ್ದ ಎಂ.ಪಿ. ಪ್ರಕಾಶ್ ರಂಗಭಾರತಿ ಕಟ್ಟಿ ಮಲ್ಲಿಗೆಯ ಸೀಮೆಗೆ ನಾಟಕದ ಹುಚ್ಚು ಹಿಡಿಸಿದರು. ಮುಂದೆ ಉಪಮುಖ್ಯಮಂತ್ರಿಯಾದರೂ ಅವರ ಹೆಸರಿಗೆ ಹಡಗಲಿ ಅಂಟಿಕೊಂಡೇ ಇತ್ತು.

ಈ ಸಲ ನಾನೂ ಧೈರ್ಯ ಮಾಡಿ ಹೆಡ್‌ಮಾಸ್ತರರಿಗೆ ಹೇಳಿದೆ: ಹೊಸದೇನೂ ಬೇಡ, ಬ್ಯಾಂಕಿನಲ್ಲಿ ಒಂದು ಠೇವಣಿ ಇಡೋಣ, ಬಡ್ಡಿಯಲ್ಲಿ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡಿಸಿ. ಅವರು ಖುಷಿಪಟ್ಟರು, ಎಸ್‌ಡಿಎಂಸಿ ಸಭೆಯಲ್ಲಿ ಇಡುತ್ತೇನೆಂದರು. ಚಹಾ ತರಿಸಿದರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು:

"ಅಲ್ರೀ ಸರ, ಹೆಸರು ಎಲ್ಲಿ ಬರೆಸೋಣ್ರಿ?"