ಕಲ್ಯಾಣಿಯ ನೀರು ಎಲ್ಲಿ ಹೋಯಿತು?



ಕಂಪ್ಯೂಟರ್ ಆಟ ಅಂದರೆ ಸಾಕು, ದೊಡ್ಡವರು ಕಾಲಹರಣ ಅಂತ ಬೈಯುತ್ತಾರೆ. ನಾನು ಆಟ ಆಡುವ ವಿಷಯ ಬರೆಯುತ್ತಿಲ್ಲ. ಆಟದೊಳಗೆ ಜನರು ತಾವೇ ಕಟ್ಟಿದ ಜಾಗಗಳು ಹಳೆಯದಾದ ಮೇಲೆ ಏನಾಗುತ್ತವೆ ಅಂತ ಬರೆಯುತ್ತಿದ್ದೇನೆ.

ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಕಂಪನಿಯು 1993ರ ಡಿಸೆಂಬರ್ ತಿಂಗಳಲ್ಲಿ ಡೂಮ್ ಎಂಬ ಆಟವನ್ನು ಹೊರತಂದಿತು. ಅದರಲ್ಲಿ ಎರಡು ಭಾಗ. ಆಟವನ್ನು ಓಡಿಸುವ ಎಂಜಿನ್ ಒಂದು. ಗೋಡೆ, ನೆಲ, ಬಾಗಿಲು, ರಾಕ್ಷಸರು ಎಲ್ಲಾ ಇರುವ ವ್ಯಾಡ್ ಎಂಬ ಕಡತ ಇನ್ನೊಂದು. ನಾಟಕದಲ್ಲಿ ರಂಗ ಒಂದೇ ಇದ್ದರೂ ಪರದೆ ಬದಲಾದರೆ ಕಾಡು ಹೋಗಿ ಅರಮನೆ ಬರುತ್ತದಲ್ಲ, ಹಾಗೆ. ಆದ್ದರಿಂದ ಯಾರು ಬೇಕಾದರೂ ತಮ್ಮದೇ ನಕ್ಷೆ ಮಾಡಬಹುದಿತ್ತು. ಸಾವಿರಾರು ಜನ ಮಾಡಿದರು. 1997ರ ಡಿಸೆಂಬರ್‌ನಲ್ಲಿ ಕಂಪನಿಯವರು ಎಂಜಿನ್ನಿನ ಸೋರ್ಸ್ ಕೋಡನ್ನೂ ಎಲ್ಲರಿಗೂ ಕೊಟ್ಟುಬಿಟ್ಟರು. ಅಂದಿನಿಂದ ಬೇರೆ ಬೇರೆಯವರು ಅದನ್ನು ತಿದ್ದಿ ಹೊಸ ಎಂಜಿನ್‌ಗಳನ್ನು ಮಾಡುತ್ತಾ ಬಂದಿದ್ದಾರೆ. ಇವಕ್ಕೆ ಪೋರ್ಟ್ ಅನ್ನುತ್ತಾರೆ.

ನನ್ನ ಸೋದರಮಾವ 2004ರಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದರು. ಊರಿನ ನೆನಪು ಜಾಸ್ತಿಯಾಗಿ, ಅಜ್ಜಿ ಮನೆ ಮುಂದಿನ ಕಲ್ಯಾಣಿಯನ್ನೇ ಡೂಮ್ ನಕ್ಷೆ ಮಾಡಿದ್ದರು. ಅದರಲ್ಲಿ ಒಬ್ಬ ರಾಕ್ಷಸನೂ ಇಲ್ಲ. ನಾಲ್ಕು ಕಡೆ ಮೆಟ್ಟಿಲು, ಒಂದು ಕಲ್ಲಿನ ಮಂಟಪ, ನಡುವೆ ನೀರು, ಅಷ್ಟೆ. ಇಳಿದರೆ ಸೊಂಟದವರೆಗೆ ನೀರು ಬರುತ್ತಿತ್ತಂತೆ. ನಿಜವಾದ ಕಲ್ಯಾಣಿಗೆ 2011ರಲ್ಲಿ ಮಣ್ಣು ತುಂಬಿಸಿ ಅಂಗಡಿ ಕಟ್ಟಿದರು. ನಾನು ಅದನ್ನು ನೋಡಿಯೇ ಇಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಮಾವ ಹಳೆ ಸಿ.ಡಿ. ಹುಡುಕಿ ತಂದರು. ಹೊಸ ಎಂಜಿನ್ ಒಂದರಲ್ಲಿ ಹಾಕಿದೆವು. ಅಜ್ಜಿಯೂ ಕನ್ನಡಕ ಹಾಕ್ಕೊಂಡು ಪಕ್ಕದಲ್ಲಿ ಕೂತರು. ಮೆಟ್ಟಿಲು ಬಂತು, ಮಂಟಪ ಬಂತು. ನೀರು ಇರಬೇಕಾದ ಕಡೆ ಮಾತ್ರ ಬರೀ ತೂತು! ಅಜ್ಜಿ, "ಅಯ್ಯೋ, ಇಲ್ಲೂ ಬತ್ತಿಸಿಬಿಟ್ರಾ?" ಅಂದರು. ನಮಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಕಡತ ಕೆಟ್ಟಿದೆಯಾ ಅಂತ ಕೇಳಿದೆ. ಮಾವ ಕಾಗದದ ಮೇಲೆ ಗೆರೆ ಹಾಕಿ ತೋರಿಸಿದರು. ಡೂಮ್ ಆಟದಲ್ಲಿ ನಿಜವಾದ ಆಳದ ನೀರು ಇಲ್ಲವೇ ಇಲ್ಲ. ಒಂದು ಗುಂಡಿ ಮಾಡಿ, ಅದರ ಅಂಚಿನ ಗೆರೆಯ ಎರಡೂ ಬದಿಗೆ ಒಂದೇ ಜಾಗದ ಸಂಖ್ಯೆ ಕೊಟ್ಟರೆ ಹಳೆಯ ಎಂಜಿನ್ ಮೋಸ ಹೋಗುತ್ತದೆ. ಅದು ಗುಂಡಿಯನ್ನು ಬರೆಯುವುದನ್ನೇ ಬಿಟ್ಟು, ಸುತ್ತಲಿನ ನೀರಿನ ಚಿತ್ರವನ್ನೇ ಅದರ ಮೇಲೂ ಹರಡುತ್ತದೆ. ಆಟಗಾರ ಮಾತ್ರ ಕೆಳಗಿಳಿಯುತ್ತಾನೆ. ನೋಡಿದರೆ ನೀರಲ್ಲಿ ನಿಂತ ಹಾಗೆಯೇ! ಗ್ರಾಫಿಕ್ಸ್ ಕಾರ್ಡಿನಿಂದ ಚಿತ್ರ ಬರೆಯುವ ಹೊಸ ಎಂಜಿನ್ ಹೀಗೆ ಹರಡುವುದಿಲ್ಲ. ಕೆಲವು ಎಂಜಿನ್‌ಗಳು ಇಂಥ ಜಾಗವನ್ನು ಗುರುತಿಸಿ ತುಂಬಲು ನೋಡುತ್ತವೆ, ಆದರೆ ಎಲ್ಲಾ ಸಲವೂ ಆಗುವುದಿಲ್ಲ. "ನೀರು ನನ್ನ ಕಡತದಲ್ಲಿ ಇರಲೇ ಇಲ್ಲ ಕಣೋ, ಎಂಜಿನ್ನಿನ ತಪ್ಪಿನಲ್ಲಿ ಇತ್ತು" ಅಂದರು ಮಾವ. ಈ ಮಾತು ನನ್ನ ತಲೆಯಲ್ಲಿ ಬಹಳ ದಿನ ಕೊರೆಯಿತು.

ಇನ್ನೊಂದು ಉದಾಹರಣೆ ಹೇಳುತ್ತೇನೆ. 1994ರ ಡೂಮ್ 2ರಲ್ಲಿ ಬೆಂಕಿಯ ತಲೆಬುರುಡೆಗಳನ್ನು ಉಗುಳುವ ರಾಕ್ಷಸ ಇದ್ದಾನೆ. ಆ ಹಂತದಲ್ಲಿ 20ಕ್ಕಿಂತ ಹೆಚ್ಚು ಬುರುಡೆ ಇದ್ದರೆ ಅವನು ಹೊಸದನ್ನು ಉಗುಳುವುದಿಲ್ಲ. 1998ರಲ್ಲಿ ಬಂದ ಬೂಮ್ ಎಂಬ ಎಂಜಿನ್ ಈ ಮಿತಿಯನ್ನು ತೆಗೆಯಿತು. ಒಳ್ಳೆಯದಕ್ಕೇ ತೆಗೆದರು. ಆದರೆ ಮಿತಿಯನ್ನು ನಂಬಿ ಮಾಡಿದ ಹಳೆಯ ನಕ್ಷೆಗಳಲ್ಲಿ ಬುರುಡೆಗಳು ಹಿಂಡುಹಿಂಡಾಗಿ ಬಂದವು. ಅದಕ್ಕೇ ಹಳೆಯ ನಿಯಮ ಬೇಕೋ ಹೊಸದು ಬೇಕೋ ಅಂತ ಆರಿಸಿಕೊಳ್ಳಲು ಅದರಲ್ಲೇ ಅವಕಾಶ ಇಟ್ಟಿದ್ದಾರೆ.

ಚಾಕೊಲೇಟ್ ಡೂಮ್ ಎಂಬ ಇನ್ನೊಂದು ಎಂಜಿನ್ ಇದೆ. 1990ರ ದಶಕದ ಆಟ ಹೇಗಿತ್ತೋ ಹಾಗೇ, ಅದರ ತಪ್ಪುಗಳ ಸಮೇತ ಉಳಿಸುವುದೇ ಅದರ ಗುರಿ. ಚಿತ್ರ ಅಷ್ಟು ನುಣುಪಾಗಿ ಕಾಣುವುದಿಲ್ಲ. ಅದರಲ್ಲಿ ಹಾಕಿದೆವು. ಕಲ್ಯಾಣಿ ತುಂಬಿತ್ತು! ಅಜ್ಜಿ ಪರದೆಗೆ ಬೆರಳಿಟ್ಟು, "ಈ ಮೆಟ್ಟಿಲ ಮೇಲೆ ನಾವು ಬಟ್ಟೆ ಒಗೀತಿದ್ವಿ" ಎಂದು ತೋರಿಸಿದರು.

ಹೊಸದು ಬೇಡ ಎಂದು ನಾನು ಹೇಳುವುದಿಲ್ಲ. ಹೊಸ ಎಂಜಿನ್ ಇಲ್ಲದಿದ್ದರೆ ಡೂಮ್ ಅನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವುದು ಕಷ್ಟವಾಗುತ್ತಿತ್ತು. ಆದರೆ ಏನನ್ನಾದರೂ ರಿಪೇರಿ ಮಾಡುವ ಮುಂಚೆ, ಇದಕ್ಕೆ ಒರಗಿಕೊಂಡು ನಿಂತಿರುವವರು ಯಾರು ಅಂತ ಒಮ್ಮೆ ನೋಡಬೇಕು ಎಂಬುದು ನನ್ನ ಅನಿಸಿಕೆ.

ವ್ಯಾಡ್ ಹಂಚುವವರು ಅದರ ಜೊತೆಗೆ, ಯಾರು ಮಾಡಿದ್ದು, ಯಾವ ಎಂಜಿನ್ ಬೇಕು ಎಂದು ಬರೆದ ಚಿಕ್ಕ ಕಡತವನ್ನೂ ಇಡುವ ರೂಢಿ ಇದೆ. ಮಾವನದು ತಮಗೆ ಮಾತ್ರ ಮಾಡಿಕೊಂಡದ್ದಾದ್ದರಿಂದ ಅದು ಇರಲಿಲ್ಲ. ಈಗ ನಾನು ಕನ್ನಡದಲ್ಲೇ ಬರೆದು ಇಟ್ಟಿದ್ದೇನೆ: "ಇದು ನಮ್ಮ ಅಜ್ಜಿ ಊರಿನ ಕಲ್ಯಾಣಿ. ಚಾಕೊಲೇಟ್ ಡೂಮ್‌ನಲ್ಲಿ ತೆರೆಯಿರಿ. ಬೇರೆಯದರಲ್ಲಿ ನೀರು ಕಾಣದಿದ್ದರೆ ಕಡತ ಕೆಟ್ಟಿದೆ ಅಂತ ಅಳಿಸಬೇಡಿ."

— 7ನೇ ತರಗತಿ ವಿದ್ಯಾರ್ಥಿ