ದನ ಕಾಯುವವರ ನೆಲದಲ್ಲಿ ಒಂದು ದಿನ

ನಮ್ಮ ಮಗಳು ಅಳಿಯ ಟಾಂಜಾನಿಯಾ ದೇಶದ ದಾರ್ ಎಸ್ ಸಲಾಮ್ ನಗರದಲ್ಲಿ ನೆಲೆಸಿ ಕೆಲವು ವರ್ಷಗಳಾದವು. ‘ಒಮ್ಮೆ ಬಂದು ಹೋಗಿರಿ’ ಎಂಬ ಅವರ ಒತ್ತಾಯಕ್ಕೆ ಮಣಿದು 2024ರ ಫೆಬ್ರವರಿಯಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿದ್ದೆವು. ಮಠದ ಪಾಠಶಾಲೆಯಲ್ಲಿ ಬೆಳೆದು, ಆಯುಷ್ಯವನ್ನೆಲ್ಲ ತಾಳೆಗರಿಗಳ ನಡುವೆ ಕಳೆದ ನನಗೆ ಸಿಂಹವನ್ನು ಕಾಣುವ ಹಂಬಲವೇನೂ ಇರಲಿಲ್ಲ. ಮೊಮ್ಮಗಳಿಗೆ ಇತ್ತು. ಆದುದರಿಂದ ಎಲ್ಲರೂ ಕೂಡಿ ಉತ್ತರದ ಗೊರೊಂಗೊರೊ ಎಂಬ ಪ್ರಸಿದ್ಧ ವನ್ಯಪ್ರದೇಶಕ್ಕೆ ಹೊರಟೆವು.

ಕರಾಟು ಎಂಬ ಊರಿನಲ್ಲಿ ರಾತ್ರಿ ತಂಗಿ, ಬೆಳಗಿನ ಆರು ಗಂಟೆಗೆ ವಾಹನವೇರಿದೆವು. ಚಾಲಕನು ಆ ವಾಹನವನ್ನು ‘ಗಾರಿ’ ಎನ್ನುತ್ತಿದ್ದನು. ಬುತ್ತಿಯ ಡಬ್ಬಿಯಲ್ಲಿ ‘ಚಪಾತಿ’ ಇದೆ ಎಂದೂ ತಿಳಿಸಿದನು. ಸ್ವಾಹಿಲಿ ಭಾಷೆಗೆ ಈ ಎರಡು ಶಬ್ದಗಳೂ ಭಾರತದಿಂದ ಕಡಲು ದಾಟಿ ಹೋದವು. ಗಾಡಿಯು ಅಲ್ಲಿ ಗಾರಿಯಾಯಿತು, ಚಪಾತಿಯು ಚಪಾತಿಯಾಗಿಯೇ ಉಳಿಯಿತು. ನನ್ನನ್ನು ಅವನು ‘ಬಾಬು’ ಎಂದು ಕರೆದಾಗ ಕಚೇರಿಯ ಗುಮಾಸ್ತನೆಂದು ತಿಳಿದನೋ ಏನೋ ಎಂದು ಸಂದೇಹವಾಯಿತು. ಆ ಭಾಷೆಯಲ್ಲಿ ಬಾಬು ಎಂದರೆ ಅಜ್ಜ ಎಂದು ಮಗಳು ಹೇಳಿದಳು. ಭಾಷೆಯ ವಿಷಯ ಬಂದರೆ ನಾನು ದಾರಿ ತಪ್ಪುತ್ತೇನೆ; ಇರಲಿ.

ಮಂಜು ಕವಿದ ಕಾಡಿನೊಳಗೆ ಏರುತ್ತ ಏರುತ್ತ, ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದ ಒಂದು ಅಂಚಿಗೆ ಬಂದು ನಿಂತೆವು. ಸುಮಾರು ಇಪ್ಪತ್ತೈದು ಲಕ್ಷ ವರ್ಷಗಳ ಹಿಂದೆ ಒಂದು ಮಹಾ ಜ್ವಾಲಾಮುಖಿಯು ತನ್ನೊಳಗೆ ತಾನೇ ಕುಸಿದು ಉಂಟಾದ ಕುಳಿ ಅದು. ಆಳ 600 ಮೀಟರ್. ತಳದ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ಮಂಜು ಸರಿದಾಗ, ಹಸಿರನ್ನು ತುಂಬಿಟ್ಟ ಒಂದು ಮಹಾ ಬೋಗುಣಿಯನ್ನು ಮೇಲಿನಿಂದ ಬಗ್ಗಿ ನೋಡಿದಂತಾಯಿತು.

ಕೆಳಗಿಳಿದ ಮೇಲೆ ಕಂಡ ಪ್ರಾಣಿಗಳ ಪಟ್ಟಿಯನ್ನು ಕೊಡುವುದಿಲ್ಲ. ದೂರದರ್ಶನದಲ್ಲಿ ಓದುಗರು ನನಗಿಂತ ಚೆನ್ನಾಗಿ ಕಂಡಿರುತ್ತಾರೆ. ಜೀಬ್ರಾಗಳೂ ವೈಲ್ಡ್‌ಬೀಸ್ಟ್ ಎಂಬ ಗಡ್ಡದ ಪ್ರಾಣಿಗಳೂ ಸಂತೆಗೆ ಹೊರಟ ಜನರಂತೆ ಒಂದೇ ಬಯಲಿನಲ್ಲಿ ಸೇರಿ ಮೇಯುತ್ತಿದ್ದವು. ಒಂದು ಸಿಂಹಿಣಿಯು ನಮ್ಮ ಮುಂದಿನ ವಾಹನದ ನೆರಳಿನಲ್ಲಿಯೇ ಬಂದು ಮಲಗಿತು. ಬಹು ದೂರದಲ್ಲಿ ಒಂದು ಕಪ್ಪು ಚುಕ್ಕೆ. ಅದು ಖಡ್ಗಮೃಗವೆಂದು ಚಾಲಕನು ಹೇಳಿದ್ದನ್ನು ನಂಬಿದೆವು. ‘ಅಜ್ಜಾ, ಜಿರಾಫೆ ಎಲ್ಲಿ?’ ಎಂದು ಮೊಮ್ಮಗಳು ಕೇಳುತ್ತಲೇ ಇದ್ದಳು. ಕುಳಿಯೊಳಗೆ ಜಿರಾಫೆಗಳಿಲ್ಲ, ಅವು ಮೇಲಿನ ಬಯಲುಗಳಲ್ಲಿಯೇ ಇರುತ್ತವೆ. ಕೊಳದ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಅರ್ಧ ಚಪಾತಿಯನ್ನು ಹದ್ದೊಂದು ನಮ್ಮ ಮನೆಯವರ ಕೈಯಿಂದಲೇ ಎತ್ತಿಕೊಂಡು ಹೋಯಿತು.

ಕುಳಿಯ ಅಂಚಿನ ಮೇಲೆ ಕಲ್ಲಿನ ಒಂದು ಸ್ಮಾರಕವಿದೆ. ಜರ್ಮನಿಯ ಪ್ರಾಣಿತಜ್ಞ ಬರ್ನ್‌ಹಾರ್ಡ್ ಗ್ರಿಮೆಕ್ ಮತ್ತು ಅವರ ಮಗ ಮೈಕೇಲರ ಸಮಾಧಿ ಅದು. ಇಲ್ಲಿನ ಪ್ರಾಣಿಗಳನ್ನು ವಿಮಾನದಿಂದ ಎಣಿಸುತ್ತಿದ್ದ ಮೈಕೇಲ್ 1959ರ ಜನವರಿಯಲ್ಲಿ ವಿಮಾನ ಬಿದ್ದು ತೀರಿಕೊಂಡರು. ‘ಸೆರೆಂಗೆಟಿ ಸಾಯಬಾರದು’ ಎಂಬ ಅವರ ಪುಸ್ತಕವೂ ಚಲನಚಿತ್ರವೂ ಲೋಕವಿಖ್ಯಾತವಾದವು. ತಂದೆ ಮಕ್ಕಳ ನಿಷ್ಠೆಗೆ ನಾನೂ ಕೈಮುಗಿದೆನು. ಆದರೆ ಈ ಪ್ರಾಣಿಗಳ ನಡುವೆ ಮನುಷ್ಯರಿಗೆ ಎಡೆಯಿಲ್ಲವೆಂಬ ಅವರ ಮತವು ಮಾತ್ರ ಅಂದಿನ ಸಂಜೆ ನನ್ನ ಗಂಟಲಲ್ಲಿ ಇಳಿಯದಾಯಿತು. ಅದಕ್ಕೆ ಕಾರಣವನ್ನು ಹೇಳುತ್ತೇನೆ.

ಮಧ್ಯಾಹ್ನದ ಮೇಲೆ ಕುಳಿಯಿಂದ ಮೇಲಕ್ಕೆ ಬಂದು ಮಸಾಯಿ ಜನರ ಒಂದು ಹಟ್ಟಿಗೆ ಹೋದೆವು. ಒಂದು ವಾಹನಕ್ಕೆ 50 ಡಾಲರ್ ಕಾಣಿಕೆ. ಕೆಂಪು ವಸ್ತ್ರ ಹೊದ್ದ ತರುಣರು ನಿಂತಲ್ಲಿಯೇ ಎತ್ತರೆತ್ತರಕ್ಕೆ ನೆಗೆದು ಕುಣಿದರು. ಹೆಂಗಸರು ಕೊರಳ ಮಣಿಸರಗಳನ್ನು ಅಲುಗಿಸುತ್ತ ಹಾಡಿದರು. ದುಡ್ಡು ಕೊಟ್ಟು ಜನರನ್ನು ನೋಡುವುದು ನನಗೆ ಮುಜುಗರವೆನಿಸಿತು. ಆದರೆ ಆ ಪ್ರದೇಶದಲ್ಲಿ ಉಳುಮೆ ನಿಷಿದ್ಧ. ಮೆಕ್ಕೆಜೋಳದ ಹಿಟ್ಟನ್ನೂ ಕೊಂಡೇ ತರಬೇಕು. ಹೀಗಿರುವಾಗ ಕುಣಿದು ಗಳಿಸುವುದರಲ್ಲಿ ಕುಂದೇನಿದೆ? ಮುಜುಗರವಿದ್ದರೆ ಅದು ನೋಡುವವರದು.

ಮುಳ್ಳುಬೇಲಿಯ ದುಂಡು ಆವರಣ; ಅದರೊಳಗೆ ಗಿಡ್ಡ ಮನೆಗಳು; ನಡುವೆ ದನದ ದೊಡ್ಡಿ. ಮನೆ ಕಟ್ಟುವುದು ಹೆಂಗಸರ ಕೆಲಸ. ಕೋಲುಗಳ ಹಂದರಕ್ಕೆ ಮಣ್ಣನ್ನೂ ಸಗಣಿಯನ್ನೂ ಮೆತ್ತುತ್ತಾರೆ. ಸೊಂಟ ಬಗ್ಗಿಸಿ ಒಳಗೆ ಹೋದರೆ ಕತ್ತಲೆ, ಹೊಗೆ, ಒಂದು ಮೂಲೆಯಲ್ಲಿ ಎಳೆಗರು. ಬಾಲ್ಯದಲ್ಲಿ ಮಠದ ಕೊಟ್ಟಿಗೆಯ ಪಕ್ಕದಲ್ಲಿಯೇ ಮಲಗುತ್ತಿದ್ದ ನನಗೆ ಆ ವಾಸನೆಯು ಪರದೇಶದ್ದೆನಿಸಲಿಲ್ಲ. ಅವರ ದನಗಳೂ ನಮ್ಮವುಗಳಂತೆಯೇ ಹಿಣಿಲಿರುವ ತಳಿ.

ಚಿಕ್ಕ ಮಕ್ಕಳು ಒಬ್ಬೊಬ್ಬರಾಗಿ ಬಂದು ನನ್ನ ಮುಂದೆ ತಲೆ ಬಾಗಿಸಿ ನಿಂತರು. ಹಿರಿಯರು ಅಂಗೈಯಿಂದ ಆ ತಲೆಯನ್ನು ಮುಟ್ಟಬೇಕು. ಅದೇ ಅವರ ನಮಸ್ಕಾರ, ಅದೇ ಆಶೀರ್ವಾದ. ಇದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಸೋರೆಬುರುಡೆಯಲ್ಲಿ ಹಾಲು ತಂದರು. ಬುರುಡೆಯ ಒಳಮೈಯನ್ನು ಉರಿಯುವ ಕೊಳ್ಳಿಯಿಂದ ಉಜ್ಜಿ ಶುಚಿ ಮಾಡುವುದರಿಂದ ಹಾಲಿಗೆ ಹೊಗೆಯ ಪರಿಮಳವಿರುತ್ತದೆ. ‘ಹೊಟ್ಟಿಗೆ ಒಗ್ಗತದೋ ಇಲ್ಲೋ, ನೋಡ್ರಿ’ ಎಂದು ನಮ್ಮ ಮನೆಯವರು ಮೆಲ್ಲಗೆ ಎಚ್ಚರಿಸಿದರು. ಕುಡಿದೆನು. ಕುಳ್ಳಿನ ಒಲೆಯ ಮೇಲೆ ಕಾದ ಹಾಲಿನ ನೆನಪಾಯಿತು. ಈ ಜನರು ಕೆಲವು ಸಂದರ್ಭಗಳಲ್ಲಿ ದನದ ಕೊರಳ ನರವನ್ನು ಚುಚ್ಚಿ, ಪ್ರಾಣಿಯನ್ನು ಕೊಲ್ಲದೆ, ರಕ್ತವನ್ನು ತೆಗೆದು ಹಾಲಿನೊಡನೆ ಸೇವಿಸುವುದುಂಟು, ಮಾಂಸವನ್ನೂ ತಿನ್ನುತ್ತಾರೆ. ಶಾಕಾಹಾರಿಯಾದ ನನಗೆ ಅದು ಒಪ್ಪುವ ಮಾತಲ್ಲ. ಆದರೆ ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಾಡುಪ್ರಾಣಿಯನ್ನು ಬೇಟೆಯಾಡಿ ತಿನ್ನುವುದು ಮಸಾಯಿಗಳ ಸಂಪ್ರದಾಯದಲ್ಲಿಲ್ಲ. ದೇವರು ದನವನ್ನು ಕೊಟ್ಟಿರುವಾಗ ಜಿಂಕೆಗೆ ಕೈಹಾಕುವುದು ಕೀಳೆಂದು ಅವರ ಭಾವನೆ. ಬೆಳಿಗ್ಗೆ ನಾವು ಕಂಡ ಆ ಬಯಲು ಬರಿದಾಗದಿರುವುದಕ್ಕೆ ಇದೂ ಒಂದು ಕಾರಣ. ಫೆಬ್ರವರಿಯು ವೈಲ್ಡ್‌ಬೀಸ್ಟ್‌ಗಳು ಕರು ಹಾಕುವ ಕಾಲ. ಆ ಕರುಗಳಿಂದ ದನಗಳಿಗೆ ಮಾರಕವಾದ ಜ್ವರ ತಗಲುತ್ತದೆ. ಆಗ ಇವರು ಕೊಲ್ಲಲು ಹೊರಡುವುದಿಲ್ಲ. ಒಳ್ಳೆಯ ಹುಲ್ಲನ್ನು ಅವುಗಳಿಗೇ ಬಿಟ್ಟು ತಮ್ಮ ದನಗಳನ್ನು ಎತ್ತರದ ಕಡೆಗೆ ಹೊಡೆದುಕೊಂಡು ಹೋಗುತ್ತಾರೆ.

ಹಟ್ಟಿಯ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತು, ಇಂಗ್ಲಿಷ್ ಬಲ್ಲ ಹುಡುಗನ ಮೂಲಕ ಕೇಳಿದರು: ‘ನಿಮ್ಮ ಮನೆಯಲ್ಲಿ ದನಗಳು ಸುಖವಾಗಿವೆಯೆ?’

‘ಈಗ ಒಂದೂ ಇಲ್ಲ’ ಎಂದೆನು. ‘ಹಾಲು ಪೊಟ್ಟಣದಲ್ಲಿ ಬರುತ್ತದೆ.’

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ರೋಗ ಬಂತೆ?’ ಎಂದರು.

ಆ ಪ್ರಶ್ನೆಯ ಹಿಂದೆ ಒಂದು ಇತಿಹಾಸವಿದೆ. ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಮಾರಿಯು 1887ರ ಸುಮಾರಿಗೆ ಆಫ್ರಿಕಾ ಖಂಡವನ್ನು ಹೊಕ್ಕಿತು. ಇಟಲಿಯ ಸೈನ್ಯಕ್ಕೆಂದು ಭಾರತದಿಂದ ಹಡಗಿನಲ್ಲಿ ತಂದ ದನಗಳೊಡನೆ ಅದು ಬಂದಿತೆಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ಮಸಾಯಿಗಳ ದನಗಳಲ್ಲಿ ಬಹುಪಾಲು ಅಳಿದವು. 1892ರಲ್ಲಿ ಈ ಕುಳಿಯನ್ನು ಕಂಡ ಆಸ್ಟ್ರಿಯದ ಪ್ರವಾಸಿ ಆಸ್ಕರ್ ಬೌಮನ್, ಹಸಿವಿನಿಂದ ಅಸ್ಥಿಪಂಜರಗಳಂತಾದ ಜನರನ್ನು ಕುರಿತು ಬರೆದಿದ್ದಾನೆ. 2011ರಲ್ಲಿ ಆ ರೋಗವು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಆ ಹಿರಿಯರ ಮಾತಿನಲ್ಲಿ ಅದಿನ್ನೂ ಉಳಿದಿತ್ತು.

ರೋಗ ಹೋದ ಮೇಲೆ ಕಾನೂನು ಬಂದಿತು. ಸೆರೆಂಗೆಟಿಯನ್ನು 1951ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು. 1958ರಲ್ಲಿ ಕೆಲವು ಹಿರಿಯರಿಂದ ಕಾಗದಕ್ಕೆ ಗುರುತು ಹಾಕಿಸಿಕೊಂಡು ಮಸಾಯಿಗಳನ್ನು ಅಲ್ಲಿಂದ ಹೊರಗೆ ಕಳುಹಿಸಿದರು. ಗೊರೊಂಗೊರೊದಲ್ಲಿ ಪ್ರಾಣಿಗಳೊಡನೆ ನೀವೂ ಇರಬಹುದೆಂದು 1959ರಲ್ಲಿ ಮಾತು ಕೊಟ್ಟರು. 1970ರ ದಶಕದಲ್ಲಿ ಕುಳಿಯ ತಳದಲ್ಲಿದ್ದವರನ್ನು ಮೇಲಕ್ಕೆ ಹತ್ತಿಸಿದರು. 2022ರಿಂದ, ನೂರಾರು ಕಿಲೋಮೀಟರ್ ದೂರದ ಮ್ಸೊಮೆರಾ ಎಂಬಲ್ಲಿ ಮನೆಯನ್ನೂ ಹೊಲವನ್ನೂ ಕೊಟ್ಟು ಕಳುಹಿಸುವ ಕಾರ್ಯವನ್ನು ಸರ್ಕಾರ ಕೈಕೊಂಡಿತು. 1959ರಲ್ಲಿ ಸುಮಾರು ಎಂಟು ಸಾವಿರವಿದ್ದ ಜನಸಂಖ್ಯೆ ಇಂದು ಲಕ್ಷದ ಸುಮಾರಿಗೆ ಬಂದಿದೆ, ಹುಲ್ಲು ಮಾತ್ರ ಬೆಳೆದಿಲ್ಲ ಎಂಬುದು ಸರ್ಕಾರದ ವಾದ. ಅದನ್ನು ಸುಳ್ಳೆನ್ನಲಾರೆನು. ಆದರೆ ಅದೇ ಕುಳಿಯ ಅಂಚಿನಲ್ಲಿ ಪ್ರವಾಸಿಗಳ ವಸತಿಗೃಹಗಳು ಬಿಸಿನೀರಿನ ಸ್ನಾನಗೃಹಗಳೊಡನೆ ಎದ್ದು ನಿಂತಿರುವಾಗ, ದನ ಕಾಯುವವರೇ ಭಾರವೆಂದು ಹೇಳುವ ಲೆಕ್ಕವನ್ನು ನಾನು ಒಪ್ಪಲಾರೆನು. ಸ್ವಇಚ್ಛೆಯಿಂದ ಹೋಗುತ್ತಿದ್ದಾರೆಂದು ಸರ್ಕಾರವು ಹೇಳುತ್ತದೆ. ಶಾಲೆಗೂ ಆಸ್ಪತ್ರೆಗೂ ಹಣ ನಿಲ್ಲಿಸಿ ಹೊರಡಿಸುತ್ತಿದ್ದಾರೆಂದು ಜನರು ದೂರುತ್ತಾರೆ. ನಾವು ಊರಿಗೆ ಮರಳಿದ ಮೇಲೆ, ಅದೇ ವರ್ಷದ ಆಗಸ್ಟಿನಲ್ಲಿ, ಸಾವಿರಾರು ಮಸಾಯಿಗಳು ಇದೇ ರಸ್ತೆಯಲ್ಲಿ ಸೇರಿ ಪ್ರತಿಭಟಿಸಿದರೆಂದು ಮಗಳು ತಿಳಿಸಿದಳು.

ನಮಗೆ ದುಭಾಷಿಯಾಗಿದ್ದ ಹುಡುಗನ ಅಣ್ಣನು 2022ರಲ್ಲಿಯೇ ಮ್ಸೊಮೆರಾಕ್ಕೆ ಹೋದವನು. ಅಲ್ಲಿ ಸಿಮೆಂಟಿನ ಮನೆಯಿದೆ, ತಗಡಿನ ಮಾಡಿದೆ ಎಂದು ಹುಡುಗನು ಹೇಳಿದನು. ‘ಹಾಗಾದರೆ ನೀನು?’ ಎಂದು ಕೇಳಿದೆನು. ಅವನು ಉತ್ತರ ಹೇಳದೆ ತನ್ನ ತಾಯಿಯ ಕಡೆಗೆ ಕೈ ತೋರಿಸಿದನು. ಮಾರ್ಚಿನಲ್ಲಿ ಅಲ್ಲಿ ದೊಡ್ಡ ಮಳೆ ಹಿಡಿಯುತ್ತದೆ. ಆಕೆಯು ನಮ್ಮ ಕಡೆಗೆ ಬೆನ್ನು ಮಾಡಿ, ಮೊಣಕೈವರೆಗೆ ಹಸಿ ಸಗಣಿಯನ್ನು ಬಳಿದುಕೊಂಡು, ಮನೆಯ ಮಾಡಿನಲ್ಲಿ ಬಿಟ್ಟಿದ್ದ ಬಿರುಕುಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಳು.